ಸೆಲ್ಫ್ ಹೊಡೆಯುತ್ತದೆ, ಗಾಡಿ ಸ್ಟಾರ್ಟ್ ಆಗುವುದಿಲ್ಲ: 1993ರ ಮಾರುತಿ 800 ಒಂದರ ಪ್ರಕರಣ

ಸಾಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ನಿವೃತ್ತ ಹೈಸ್ಕೂಲು ಮೇಷ್ಟ್ರೊಬ್ಬರ ಮನೆಯ ಕೊಟ್ಟಿಗೆಯ ಮಗ್ಗುಲಿಗೆ ನಿಂತಿದ್ದ 1993ರ ಮಾರುತಿ 800 ಕಾರಿನ ದುರಸ್ತಿಯನ್ನು ಇಲ್ಲಿ ಮೊದಲಿಂದ ಕೊನೆಯವರೆಗೆ ದಾಖಲಿಸುತ್ತಿದ್ದೇನೆ. ದೂರು ಒಂದೇ ಸಾಲಿನದು: ಕೀಲಿ ತಿರುಗಿಸಿದರೆ ಸೆಲ್ಫ್ (ಎಂಜಿನ್ನನ್ನು ತಿರುಗಿಸುವ ಮೋಟರು) ಚೆನ್ನಾಗಿ ಹೊಡೆಯುತ್ತದೆ, ಎಂಜಿನ್ ತಿರುಗುತ್ತದೆ, ಆದರೆ ಸ್ಟಾರ್ಟ್ ಆಗುವುದಿಲ್ಲ. ಹಳೆಯ ಪೆಟ್ರೋಲ್ ಗಾಡಿಗಳಲ್ಲಿ ಇದಕ್ಕಿಂತ ಸಾಮಾನ್ಯವಾದ ದೂರು ಇನ್ನೊಂದಿಲ್ಲ. ಊಹೆಯ ಮೇಲೆ ಒಂದಾದ ಮೇಲೊಂದು ಹೊಸ ಭಾಗ ಹಾಕಿಸಿ ಹಣ ಕಳೆದುಕೊಳ್ಳುವುದೂ ಇದೇ ದೂರಿನಲ್ಲಿ ಹೆಚ್ಚು. ನಾನು ಸಣ್ಣ ಗ್ಯಾರೇಜು ನಡೆಸುವವನು. ಈ ಗಾಡಿಯಲ್ಲಿ ನಾನೂ ಅರ್ಧ ದಿನ ತಪ್ಪು ದಾರಿಯಲ್ಲಿ ಹೋಗಿದ್ದೆ. ಆ ಭಾಗವನ್ನೂ ಬಿಡದೆ ಬರೆಯುತ್ತೇನೆ.

ಮಾರುತಿ 800 ರಸ್ತೆಗಿಳಿದದ್ದು 1983ರ ಡಿಸೆಂಬರಿನಲ್ಲಿ. ತಯಾರಿ ನಿಂತದ್ದು 2014ರ ಜನವರಿಯಲ್ಲಿ. ಅದರ 796 ಸಿ.ಸಿ.ಯ ಮೂರು ಸಿಲಿಂಡರಿನ ಎಂಜಿನ್ನಿನಲ್ಲಿ ಅಡಗಿಸಿಟ್ಟ ಗುಟ್ಟು ಏನೂ ಇಲ್ಲ. ಈ ಗಾಡಿ, ಗಾಳಿಗೆ ಪೆಟ್ರೋಲು ಬೆರೆಸುವ ಕಾರ್ಬುರೇಟರಿನ ಕಾಲದ್ದು. ಪೆಟ್ರೋಲ್ ಪಂಪು, ಎಂಜಿನ್ನಿನ ಕವಾಟಗಳನ್ನು ತೆರೆಯುವ ಕ್ಯಾಮ್‌ಶಾಫ್ಟಿನಿಂದ ನಡೆಯುವ ಯಾಂತ್ರಿಕ ಪಂಪು, ಕಿಡಿಯ ವಿದ್ಯುತ್ತನ್ನು ಸಿಲಿಂಡರುಗಳಿಗೆ ಹಂಚುವ ಡಿಸ್ಟ್ರಿಬ್ಯೂಟರಿನೊಳಗೆ, ತೆರೆದು ಮುಚ್ಚಿ ಕರೆಂಟನ್ನು ಕಡಿಯುವ ಸಿ.ಬಿ. ಪಾಯಿಂಟು, ಪಕ್ಕದಲ್ಲಿ ಪಾಯಿಂಟು ಸುಡದಂತೆ ಕಾಯುವ ಕಂಡೆನ್ಸರು. ಕಂಪ್ಯೂಟರಿಗೆ ಜೋಡಿಸಿ ದೋಷದ ಸಂಖ್ಯೆ ಓದುವ ಸೌಕರ್ಯ ಇದರಲ್ಲಿಲ್ಲ. ಆದರೆ ಪ್ರತಿಯೊಂದು ಭಾಗವನ್ನೂ ಕಣ್ಣಿನಿಂದ ನೋಡಿ, ಮೀಟರಿನಿಂದ ಅಳೆದು ತೀರ್ಮಾನಕ್ಕೆ ಬರುವ ಸೌಕರ್ಯ ಇದೆ. ಹೊಸ ಗಾಡಿಗಳಲ್ಲಿ ಸಿಗದ ಈ ಸೌಕರ್ಯವನ್ನು ನಾವು ಬಳಸಿಕೊಳ್ಳುವುದು ಕಡಿಮೆ.

ಮೇಷ್ಟ್ರು ಗಾಡಿಯನ್ನು ಹೊಸದಾಗಿ ಕೊಂಡವರು. ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ತಪ್ಪದೆ ನೋಂದಣಿ ನವೀಕರಿಸಿಕೊಂಡು ಬಂದವರು. ಒಂದು ನೋಟ್‌ಬುಕ್ಕಿನಲ್ಲಿ ಗಾಡಿಯ ಚರಿತ್ರೆಯನ್ನೆಲ್ಲ ದಿನಾಂಕ ಸಹಿತ ಬರೆದಿಟ್ಟಿದ್ದರು. ತೊಂದರೆ ಜನವರಿಯ ಚಳಿಯಲ್ಲಿ ಶುರುವಾಗಿತ್ತು. ಬೆಳಿಗ್ಗೆ ಹೆಚ್ಚು ಹೊತ್ತು ಸೆಲ್ಫ್ ಹೊಡೆಯಬೇಕಾಗುತ್ತಿತ್ತು, ಮಧ್ಯಾಹ್ನ ಒಂದೇ ಸಲಕ್ಕೆ ಆಗುತ್ತಿತ್ತು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಪೇಟೆಯ ಒಂದು ಗ್ಯಾರೇಜಿನಲ್ಲಿ ಕ್ರಮವಾಗಿ ಸ್ಪಾರ್ಕ್ ಪ್ಲಗ್ಗು, ಸಿ.ಬಿ. ಪಾಯಿಂಟು ಮತ್ತು ಕಂಡೆನ್ಸರು, ಇಗ್ನಿಷನ್ ಕಾಯಿಲು (ಬ್ಯಾಟರಿಯ ವೋಲ್ಟೇಜನ್ನು ಕಿಡಿ ಹಾರುವಷ್ಟು ಏರಿಸುವ ಸುರುಳಿ), ಕಾರ್ಬುರೇಟರಿನ ಕಿಟ್ಟು, ಕಡೆಗೆ ಬ್ಯಾಟರಿಯನ್ನೂ ಬದಲಾಯಿಸಿದ್ದರು. ಪ್ರತಿಸಲವೂ ಗಾಡಿ ಗ್ಯಾರೇಜಿನಲ್ಲಿ ಸ್ಟಾರ್ಟ್ ಆಗುತ್ತಿತ್ತು, ಮನೆಗೆ ಬಂದು ಎರಡು ಮೂರು ದಿನ ಸರಿಯಾಗಿ ಇರುತ್ತಿತ್ತು, ಆಮೇಲೆ ಮತ್ತೆ ಅದೇ ಕಥೆ. ಏಪ್ರಿಲ್ ಕೊನೆಯಲ್ಲಿ ಮೇಷ್ಟ್ರು ದಂಪತಿ ಬೆಂಗಳೂರಿನ ಮಗನ ಮನೆಗೆ ಹೋದರು. ಜುಲೈ ಮೊದಲ ವಾರ ಹಿಂದಿರುಗಿ ನೋಡಿದರೆ ಗಾಡಿ ಸುತರಾಂ ಸ್ಟಾರ್ಟ್ ಆಗುವುದಿಲ್ಲ. ಅಂಗಳವೆಲ್ಲ ಕೆಸರಾದ್ದರಿಂದ ತಳ್ಳಿ ನೋಡುವುದಕ್ಕೂ ಆಗಿರಲಿಲ್ಲ. ನನ್ನನ್ನು ಕರೆಸಿದ್ದು ಆಗ.

ನೋಟ್‌ಬುಕ್ಕಿನಲ್ಲಿ ಫೆಬ್ರವರಿಯ ಒಂದು ನಮೂದು ಹೀಗಿತ್ತು: “ಬೆಳಿಗ್ಗೆ 7.10. ಹತ್ತು ಸಲ ಸೆಲ್ಫ್, ಆಗಲಿಲ್ಲ. ಇಳಿಜಾರಿನಲ್ಲಿ ತಳ್ಳಿಸಿದ್ದು. ತಕ್ಷಣ ಆಯಿತು.” ಇಂಥದೇ ನಮೂದು ಇನ್ನೂ ನಾಲ್ಕು ಕಡೆ ಇತ್ತು. ನಾನು ಅದನ್ನು ಓದಿದೆ. ಹಳೆಯ ಗಾಡಿ, ತಳ್ಳಿದರೆ ಆಗುವುದು ಸಹಜ ಎಂದುಕೊಂಡು ಪುಟ ತಿರುವಿದೆ. ಉತ್ತರದ ಬಹುಭಾಗ ಅಲ್ಲೇ ಇತ್ತೆಂಬುದು ತಿಳಿದದ್ದು ಸಂಜೆ.

ಪೆಟ್ರೋಲ್ ಎಂಜಿನ್ ಸ್ಟಾರ್ಟ್ ಆಗಲು ಮೂರು ಬೇಕು: ಕಿಡಿ, ಸರಿಯಾದ ಪ್ರಮಾಣದಲ್ಲಿ ಗಾಳಿ ಬೆರೆತ ಪೆಟ್ರೋಲು, ಸಿಲಿಂಡರಿನೊಳಗೆ ಒತ್ತಡ; ಈ ಮೂರೂ ಸರಿಯಾದ ಹೊತ್ತಿಗೆ ಕೂಡಬೇಕು. ನಾನು ಮೊದಲು ಕಿಡಿ ನೋಡಿದೆ. ಒಂದು ಪ್ಲಗ್ಗು ಬಿಚ್ಚಿ, ವೈರಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಎಂಜಿನ್ನಿಗೆ ತಾಗಿಸಿಟ್ಟು, ಮೇಷ್ಟ್ರಿಗೆ ಸೆಲ್ಫ್ ಹೊಡೆಯಲು ಹೇಳಿದೆ. ಕಿಡಿ ಬಂತು. ಮಳೆಯ ಮೋಡದ ಮಬ್ಬಿನಲ್ಲಿ ಅದು ಸ್ಪಷ್ಟವಾಗಿ ಕಂಡಿತು, ತುಸು ಕೇಸರಿ ಬಣ್ಣದ್ದು, ತೆಳ್ಳಗಿನದು. ನನ್ನ ಚೀಟಿಯಲ್ಲಿ “ಕಿಡಿ ಇದೆ” ಎಂದು ಬರೆದುಕೊಂಡೆ. ಎಂಥ ಕಿಡಿ ಎಂದು ಬರೆಯಲಿಲ್ಲ. ನನ್ನ ತಪ್ಪು ಶುರುವಾದದ್ದು ಈ ಎರಡು ಶಬ್ದಗಳಲ್ಲಿ.

ಕಿಡಿ ಇದೆ ಎಂದಾದ ಮೇಲೆ ಅನುಮಾನ ಸಹಜವಾಗಿ ಪೆಟ್ರೋಲಿನ ಕಡೆ ತಿರುಗಿತು. ಗಾಡಿ ಎರಡು ತಿಂಗಳಿಗೂ ಹೆಚ್ಚು ಕಾಲ ನಿಂತಿತ್ತು, ಅದರಲ್ಲಿ ಒಂದು ತಿಂಗಳು ಮಲೆನಾಡಿನ ಮಳೆಗಾಲ. ಏರ್ ಕ್ಲೀನರ್ ತೆಗೆದು, ಕಾರ್ಬುರೇಟರಿನ ಬಾಯಿಯೊಳಗೆ ಬ್ಯಾಟರಿ ದೀಪ ಬಿಟ್ಟು ನೋಡುತ್ತ ಆಕ್ಸಿಲರೇಟರ್ ತಂತಿ ಎಳೆದೆ. ಒಳಗೆ ಚಿಮ್ಮಬೇಕಾಗಿದ್ದ ಪೆಟ್ರೋಲಿನ ಎಳೆ ಚಿಮ್ಮಲಿಲ್ಲ. ಕಾರ್ಬುರೇಟರಿನಲ್ಲಿ ಪೆಟ್ರೋಲು ನಿಲ್ಲುವ ಸಣ್ಣ ತೊಟ್ಟಿ, ಎಂದರೆ ಫ್ಲೋಟ್ ಚೇಂಬರು, ಒಣಗಿತ್ತು. ದೋಷ ಸಿಕ್ಕಿತೆಂದು ನನಗೆ ಸಮಾಧಾನವೇ ಆಯಿತು. ಯಾಂತ್ರಿಕ ಪಂಪಿನ ಗಾಡಿ ತಿಂಗಳುಗಟ್ಟಲೆ ನಿಂತರೆ ಫ್ಲೋಟ್ ಚೇಂಬರಿನ ಪೆಟ್ರೋಲು ಆವಿಯಾಗಿ ಹೋಗುವುದು ಸಾಮಾನ್ಯ ಸಂಗತಿ. ಅದು ಮತ್ತೆ ತುಂಬಲು ಸಾಕಷ್ಟು ಹೊತ್ತು ಸೆಲ್ಫ್ ಹೊಡೆಯಬೇಕಾಗುತ್ತದೆ. ಆದರೆ ಜನವರಿಯಲ್ಲಿ ದಿನವೂ ಓಡುತ್ತಿದ್ದ ಗಾಡಿಯ ಫ್ಲೋಟ್ ಚೇಂಬರು ಒಣಗಿರಲಿಲ್ಲ ಎಂಬುದನ್ನು ನಾನು ಆಗ ಯೋಚಿಸಬೇಕಿತ್ತು. ನಿಂತ ಗಾಡಿಯಲ್ಲಿ ಮೂಲ ದೋಷದ ಮೇಲೆ ನಿಂತದ್ದರಿಂದ ಹುಟ್ಟಿದ ಹೊಸ ದೋಷಗಳು ಹೊದಿಕೆಯ ಹಾಗೆ ಕೂತಿರುತ್ತವೆ.

ಪಂಪಿನಿಂದ ಕಾರ್ಬುರೇಟರಿಗೆ ಹೋಗುವ ಪೈಪನ್ನು ಬಿಚ್ಚಿ ಬಾಟಲಿಗೆ ಬಿಟ್ಟು, ಕಿಡಿ ಹತ್ತದಂತೆ ಕಾಯಿಲಿನ ವೈರು ಕಳಚಿ, ಸೆಲ್ಫ್ ಹೊಡೆಸಿದಾಗ ಪೆಟ್ರೋಲು ಮಿಡಿದು ಮಿಡಿದು ಬಂತು. ಪಂಪು ಸರಿ. ಆದರೆ ಪೆಟ್ರೋಲಿನ ವಾಸನೆ ಹಳಸಲಾಗಿತ್ತು, ಬಣ್ಣ ಕಪ್ಪಿಟ್ಟಿತ್ತು. ನಮ್ಮಲ್ಲಿ ಈಗ ಸಿಗುವ ಪೆಟ್ರೋಲಿನಲ್ಲಿ ಎಥನಾಲ್ ಇರುತ್ತದೆ. ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿಯೇ ಬಿಡುಗಡೆ ಮಾಡಿದ್ದು, ಮುಂದೆ ಅದು ದೇಶದ ಎಲ್ಲ ಕಡೆಗೆ ಹರಡಿತು. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ಮಿತಿ ಮೀರಿ ಹೀರಿಕೊಂಡಾಗ ನೀರು ಮತ್ತು ಎಥನಾಲ್ ಜೊತೆಯಾಗಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳದಲ್ಲಿ ನಿಲ್ಲುತ್ತವೆ, ಪಂಪು ಎಳೆಯುವುದೂ ತಳದಿಂದಲೇ. ಅದಕ್ಕಾಗಿ ಗಾಜಿನ ಬಾಟಲಿಯನ್ನು ಇಪ್ಪತ್ತು ನಿಮಿಷ ಅಲುಗಿಸದೆ ಕಿಟಕಿಯ ಬೆಳಕಿನಲ್ಲಿ ಇಟ್ಟು ನೋಡಿದೆ. ಎರಡು ಪದರ ಕಾಣಲಿಲ್ಲ, ಗೆರೆ ಬೀಳಲಿಲ್ಲ, ತಳದಲ್ಲಿ ಹನಿಗಳು ಉರುಳಲಿಲ್ಲ. ನೀರಿಲ್ಲ ಎಂದು ತಿಳಿದ ಮೇಲೂ, ವಾಸನೆಯ ಕಾರಣಕ್ಕೆ, ಟ್ಯಾಂಕಿನಲ್ಲಿದ್ದ ಎಂಟು ಲೀಟರನ್ನೂ ಇಳಿಸಿ, ಫಿಲ್ಟರು ಬದಲಾಯಿಸಿ, ಮೇಷ್ಟ್ರ ಅಣ್ಣನ ಮಗ ಬೈಕಿನಲ್ಲಿ ಹೋಗಿ ತಂದ ಹೊಸ ಪೆಟ್ರೋಲು ಹಾಕಿದೆವು. ಫ್ಲೋಟ್ ಚೇಂಬರು ತುಂಬಿತು, ಪೆಟ್ರೋಲಿನ ಎಳೆ ಚಿಮ್ಮಿತು, ಪೆಟ್ರೋಲಿನ ಪ್ರಮಾಣ ಹೆಚ್ಚಿಸುವ ಚೋಕ್ ಎಳೆದು ಸೆಲ್ಫ್ ಹೊಡೆದೆವು. ಎಂಜಿನ್ ತಿರುಗಿತು, ಸ್ಟಾರ್ಟ್ ಆಗಲಿಲ್ಲ. ಆಗಲೇ ಮಧ್ಯಾಹ್ನ ಎರಡು ಗಂಟೆ.

ಪ್ಲಗ್ಗುಗಳನ್ನು ಬಿಚ್ಚಿದರೆ ಮೂರೂ ಪೆಟ್ರೋಲಿನಲ್ಲಿ ನೆನೆದಿದ್ದವು. ಪೆಟ್ರೋಲು ಸಿಲಿಂಡರಿನವರೆಗೆ ಹೋಗುತ್ತಿದೆ, ಉರಿಯುತ್ತಿಲ್ಲ ಎಂಬುದು ಇದರಿಂದ ಖಚಿತವಾಯಿತು. ಪ್ಲಗ್ಗು ಹೇಗೂ ಹೊರಗಿತ್ತಾದ್ದರಿಂದ ಕಂಪ್ರೆಷನ್, ಎಂದರೆ ಸಿಲಿಂಡರಿನೊಳಗಿನ ಒತ್ತಡ, ನೋಡಿದೆ. ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು ಅಳೆದಾಗ ಮೂರು ಸಿಲಿಂಡರಿನಲ್ಲಿ ಚದರ ಸೆಂಟಿಮೀಟರಿಗೆ ಕ್ರಮವಾಗಿ 11.5, 11, 11.5 ಕೆ.ಜಿ. ಬಂತು. ಇಷ್ಟು ವಯಸ್ಸಾದ ಎಂಜಿನ್ನಿಗೆ ಇದು ಆರೋಗ್ಯದ ಲಕ್ಷಣ, ಮೂರೂ ಹೆಚ್ಚುಕಡಿಮೆ ಸಮನಾಗಿರುವುದು ಇನ್ನೂ ಒಳ್ಳೆಯ ಲಕ್ಷಣ. ಕ್ಯಾಮ್‌ಶಾಫ್ಟನ್ನು ತಿರುಗಿಸುವ ಟೈಮಿಂಗ್ ಬೆಲ್ಟಿನ ಬಗ್ಗೆ ಒಂದು ಸುಲಭದ ಪರೀಕ್ಷೆ ಈ ಎಂಜಿನ್ನಿನಲ್ಲಿದೆ. ಡಿಸ್ಟ್ರಿಬ್ಯೂಟರು ಕ್ಯಾಮ್‌ಶಾಫ್ಟಿನಿಂದ ತಿರುಗುವುದರಿಂದ, ಅದರ ಮುಚ್ಚಳ ತೆಗೆದು ಸೆಲ್ಫ್ ಹೊಡೆಸಿದಾಗ ಒಳಗಿನ ತಿರುಗುವ ತುಂಡು, ರೋಟರು, ತಿರುಗಿದರೆ ಬೆಲ್ಟು ಹರಿದಿಲ್ಲ ಎಂದರ್ಥ. ರೋಟರು ತಿರುಗಿತು. ಬೆಲ್ಟು ಹಲ್ಲು ದಾಟಿರಬಹುದೇ ಎಂದು ಒಂದನೆಯ ಸಿಲಿಂಡರನ್ನು ಕಂಪ್ರೆಷನ್ನಿನ ತುದಿಗೆ ತಂದು ಗುರುತು ನೋಡಿದೆ, ಅದೂ ಸರಿ. ಪಾಯಿಂಟಿನ ಅಂತರ 0.45 ಮಿ.ಮೀ., ಮುಖಗಳು ಹೊಸದರ ಹಾಗೆ ಹೊಳೆಯುತ್ತಿದ್ದವು.

ಅಲ್ಲಿಗೆ ನನ್ನ ಚೀಟಿಯಲ್ಲಿ ಎಲ್ಲದರ ಮುಂದೆಯೂ “ಸರಿ” ಎಂದು ಬಿದ್ದಿತ್ತು, ಗಾಡಿ ಮಾತ್ರ ಸ್ಟಾರ್ಟ್ ಆಗಿರಲಿಲ್ಲ. ಎಲ್ಲವೂ ಸರಿಯಿದ್ದು ಕೆಲಸ ಆಗುತ್ತಿಲ್ಲವೆಂದರೆ ಪರೀಕ್ಷೆಗಳಲ್ಲಿ ಒಂದು ಸುಳ್ಳು ಹೇಳಿದೆ. ಯಾವುದು ಎಂಬುದೇ ಪ್ರಶ್ನೆ.

ಪ್ಲಗ್ಗು ಒಣಗಿಸಿ ಹಾಕಿ ಮತ್ತೆ ಸೆಲ್ಫ್ ಹೊಡೆಯುತ್ತಿದ್ದಾಗ ಮೇಷ್ಟ್ರ ಮನೆಯವರು ಕಾಫಿ ತಂದರು. ಜಗಲಿಯ ಮೇಲೆ ನಿಂತು ಸ್ವಲ್ಪ ಹೊತ್ತು ನೋಡಿ, “ಅಲ್ಲ, ಇವರು ಕೀಲಿ ಬಿಟ್ಟ ಕೂಡಲೆ ಅದಕ್ಕೆ ಒಂದ್ಸಲ ಉಸಿರು ಬಂದ ಹಾಗೆ ಆಗ್ತದೆ, ನೀವು ಕೇಳಿದಿರಾ?” ಎಂದರು. ನಾನು ಬಾನೆಟ್ಟಿನ ಹತ್ತಿರ ತಲೆ ಬಗ್ಗಿಸಿಕೊಂಡಿದ್ದವನು, ಸೆಲ್ಫಿನ ಸದ್ದಿನಲ್ಲಿ ಅದು ನನ್ನ ಕಿವಿಗೆ ಬಿದ್ದಿರಲಿಲ್ಲ. “ಅಮ್ಮಾ, ಇನ್ನೊಂದ್ಸಲ ಕೇಳಿ ಹೇಳಿ” ಎಂದು, ಮೇಷ್ಟ್ರಿಗೆ ಕೀಲಿಯನ್ನು ಐದು ಎಣಿಸುವವರೆಗೆ ಹಿಡಿದು ಫಕ್ಕನೆ ಬಿಡಲು ಹೇಳಿದೆ. ಹಿಡಿದಿದ್ದಷ್ಟು ಹೊತ್ತು ಬರಿಯ ತಿರುಗುವ ಸದ್ದು. ಬಿಟ್ಟ ಕ್ಷಣ ಎಂಜಿನ್ ಒಂದು ಸಲ ಕುಲುಕಿ, ಸೈಲೆನ್ಸರಿನಿಂದ “ಬುಸ್” ಎಂದು ಒಂದು ಹೊಗೆ ಬಂತು. ನಾಲ್ಕು ಸಲ ಮಾಡಿದರೆ ಮೂರು ಸಲ ಹೀಗೇ ಆಯಿತು.

ನೋಟ್‌ಬುಕ್ಕಿನ ನಮೂದು ಆಗ ನೆನಪಾಯಿತು. ಸೆಲ್ಫ್ ಹೊಡೆಯುವಾಗ ಉರಿಯುವುದಿಲ್ಲ, ಸೆಲ್ಫ್ ನಿಲ್ಲಿಸಿದ ಕ್ಷಣ ಉರಿಯುತ್ತದೆ. ಸೆಲ್ಫ್ ಇಲ್ಲದೆ ಇಳಿಜಾರಿನಲ್ಲಿ ತಳ್ಳಿ, ಸೆಕೆಂಡ್ ಗೇರಿಗೆ ಹಾಕಿ ಕ್ಲಚ್ ಬಿಟ್ಟರೆ ತಕ್ಷಣ ಸ್ಟಾರ್ಟ್ ಆಗುತ್ತದೆ. ಎರಡರಲ್ಲೂ ಸಾಮಾನ್ಯವಾದದ್ದು ಒಂದೇ: ಸೆಲ್ಫ್ ಮೋಟರು ನಡೆಯುತ್ತಿರುವಷ್ಟು ಹೊತ್ತು ಇಗ್ನಿಷನ್ನಿಗೆ ಏನೋ ಕಡಿಮೆ ಬೀಳುತ್ತಿದೆ. ಪೆಟ್ರೋಲು, ಬೆಲ್ಟು, ಕಂಪ್ರೆಷನ್ ಇವುಗಳಿಗೆ ಕೀಲಿ ಯಾವ ಸ್ಥಾನದಲ್ಲಿದೆ ಎಂಬುದು ಗೊತ್ತಾಗುವುದಿಲ್ಲ. ಕೀಲಿಯ ಸ್ಥಾನ ಗೊತ್ತಾಗುವುದು ವಿದ್ಯುತ್ತಿಗೆ ಮಾತ್ರ.

ಇಲ್ಲಿಂದ ಮುಂದಿನದು ಅಳತೆಯ ಕೆಲಸ. ಈ ಪ್ರಕರಣದ ಜೀವಾಳವೂ ಇದೇ ಆದ್ದರಿಂದ ನಿಧಾನವಾಗಿ ಹೇಳುತ್ತೇನೆ.

ಕೀಲಿಯಲ್ಲಿ ನಾವು ಬಳಸುವ ಎರಡು ಮುಖ್ಯ ಸ್ಥಾನಗಳು ಆನ್ ಮತ್ತು ಸ್ಟಾರ್ಟ್. ಕಾಯಿಲಿಗೆ ಎರಡು ಸ್ಥಾನಗಳಲ್ಲೂ ಕರೆಂಟು ಹೋಗಬೇಕು. ಸೆಲ್ಫ್ ಮೋಟರನ್ನು ಚಾಲೂ ಮಾಡುವ ವಿದ್ಯುತ್ ಸ್ವಿಚ್ಚಾದ ಸೊಲೆನಾಯ್ಡಿಗೆ ಸ್ಟಾರ್ಟ್ ಸ್ಥಾನದಲ್ಲಿ ಮಾತ್ರ ಹೋಗಬೇಕು. ಸ್ವಿಚ್ಚಿನೊಳಗಿನ ಹಿತ್ತಾಳೆಯ ತಟ್ಟೆ ಆನ್ ಸ್ಥಾನದಲ್ಲಿ ಒಂದು ಜಾಗವನ್ನು ತಾಗಿದರೆ, ಸ್ಟಾರ್ಟ್ ಸ್ಥಾನದಲ್ಲಿ ಜರುಗಿ ಪಕ್ಕದ ಇನ್ನೊಂದು ಜಾಗವನ್ನು ತಾಗುತ್ತದೆ. ಹಾಗಾಗಿ ಆನ್‌ನಲ್ಲಿ ಸರಿಯಾಗಿರುವ ಸ್ವಿಚ್ಚು ಸ್ಟಾರ್ಟ್‌ನಲ್ಲಿ ಕೆಟ್ಟಿರಬಹುದು, ಅದೂ ಪೂರ್ತಿ ಅಲ್ಲ, ಅರ್ಧಂಬರ್ಧ.

ಅರ್ಧಂಬರ್ಧ ಕೆಟ್ಟದ್ದನ್ನು ಟೆಸ್ಟ್ ಲ್ಯಾಂಪು ಹಿಡಿಯುವುದಿಲ್ಲ. ಹಿಂದಿನ ಗ್ಯಾರೇಜಿನವರು ಕಾಯಿಲಿನ ಪಾಸಿಟಿವ್ ಕಡೆ ಕರೆಂಟು ಬರುತ್ತಿದೆಯೆಂದು ನೋಡಿದ್ದರೆಂದು ಮೇಷ್ಟ್ರು ಹೇಳಿದ್ದರು. ಅವರು ನೋಡಿದ್ದು ನಿಜವೇ ಇರಬೇಕು. ಸಿ.ಬಿ. ಪಾಯಿಂಟು ತೆರೆದು ನಿಂತ ಸ್ಥಿತಿಯಲ್ಲಿ ಕಾಯಿಲಿನ ಮೂಲಕ ಕರೆಂಟು ಹರಿಯುವುದೇ ಇಲ್ಲ. ಹರಿಯದಿದ್ದಾಗ ದಾರಿಯಲ್ಲಿ ಎಷ್ಟು ಕೆಟ್ಟ ಸಂಪರ್ಕವಿದ್ದರೂ ಮೀಟರಿನಲ್ಲಿ ಪೂರ್ತಿ ಹನ್ನೆರಡು ವೋಲ್ಟ್ ಕಾಣುತ್ತದೆ. ಕಸ ಕಟ್ಟಿದ ನಲ್ಲಿಯ ಪೈಪಿನ ಬಾಯಿಯನ್ನು ಬೆರಳಿನಿಂದ ಒತ್ತಿ ಹಿಡಿದರೆ ಒತ್ತಡ ಪೂರ್ತಿ ಇದ್ದ ಹಾಗೇ ಅನ್ನಿಸುತ್ತದೆ, ಬೆರಳು ತೆಗೆದಾಗಲೇ ನೀರು ಸಣ್ಣಗೆ ಬರುವುದು ತಿಳಿಯುತ್ತದೆ. ಆದ್ದರಿಂದ ಅಳೆಯುವಾಗ ಕರೆಂಟು ಹರಿಯುತ್ತಿರಬೇಕು. ನಾನು ಕಾಯಿಲಿನ ನೆಗೆಟಿವ್ ತುದಿಯನ್ನು ಒಂದು ತುಂಡು ವೈರಿನಿಂದ ಎಂಜಿನ್ನಿನ ಮೈಗೆ ಸೇರಿಸಿದೆ. ಹೀಗೆ ಮಾಡಿದರೆ ಪಾಯಿಂಟು ತೆರೆಯಲಿ, ಮುಚ್ಚಲಿ, ಕಾಯಿಲಿನಲ್ಲಿ ಕರೆಂಟು ಹರಿಯುತ್ತಲೇ ಇರುತ್ತದೆ, ಎಂಜಿನ್ನೂ ಅಕಸ್ಮಾತ್ ಸ್ಟಾರ್ಟ್ ಆಗುವುದಿಲ್ಲ, ಮೀಟರಿನ ಅಂಕಿಯೂ ಓಲಾಡದೆ ನಿಲ್ಲುತ್ತದೆ. ಒಂದೊಂದು ಅಳತೆಗೆ ಐದಾರು ಸೆಕೆಂಡು ಸಾಕು. ಹೆಚ್ಚು ಹೊತ್ತು ಬಿಟ್ಟರೆ ಕಾಯಿಲು ಬಿಸಿಯಾಗಿ ಹಾಳಾಗುತ್ತದೆ.

ಮೀಟರಿನ ಕಪ್ಪು ತುದಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೇ ಕಚ್ಚಿಸಿ, ಕೆಂಪು ತುದಿಯನ್ನು ಮಾತ್ರ ಒಂದೊಂದೇ ಜಾಗಕ್ಕೆ ಒಯ್ದೆ. ಕೀಲಿ ಆನ್ ಸ್ಥಾನದಲ್ಲಿದ್ದಾಗ ಬ್ಯಾಟರಿಯಲ್ಲಿ 12.4 ವೋಲ್ಟ್, ಕಾಯಿಲಿನ ಪಾಸಿಟಿವ್‌ನಲ್ಲಿ 11.6. ಅಷ್ಟೇನೂ ಕೆಟ್ಟದ್ದಲ್ಲ. ಸೆಲ್ಫ್ ಹೊಡೆಯುವಾಗ ಬ್ಯಾಟರಿಯಲ್ಲಿ 10.2; ಹೊಸ ಬ್ಯಾಟರಿ, ಒಳ್ಳೆಯ ಅಂಕಿ. ಅದೇ ಹೊತ್ತಿನಲ್ಲಿ ಕಾಯಿಲಿನ ಪಾಸಿಟಿವ್‌ನಲ್ಲಿ 6.7. ಬ್ಯಾಟರಿಯಿಂದ ಕಾಯಿಲಿಗೆ ಬರುವಷ್ಟರಲ್ಲಿ ಮೂರೂವರೆ ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತಿತ್ತು.

ಎಲ್ಲಿ ಕಳೆಯುತ್ತಿದೆ ಎಂದು ನೋಡಲು ಸ್ಟಿಯರಿಂಗಿನ ಕೆಳಗಿನ ಪ್ಲಾಸ್ಟಿಕ್ ಹೊದಿಕೆ ಬಿಚ್ಚಿ, ಇಗ್ನಿಷನ್ ಸ್ವಿಚ್ಚಿನ ಕನೆಕ್ಟರಿನ ಹಿಂಬದಿಯಿಂದ ಮೀಟರಿನ ತುದಿ ತೂರಿಸಿದೆ. ಸೆಲ್ಫ್ ಹೊಡೆಯುವಾಗ ಸ್ವಿಚ್ಚಿಗೆ ಒಳಬರುವ ವೈರಿನಲ್ಲಿ 9.4 ವೋಲ್ಟ್, ಸ್ವಿಚ್ಚಿನಿಂದ ಕಾಯಿಲಿಗೆ ಹೊರಡುವ ಕಪ್ಪು ಬಿಳಿ ವೈರಿನಲ್ಲಿ 6.8. ಎಂದರೆ ಒಳಬರುವ ದಾರಿಯಲ್ಲಿ 0.8, ಸ್ವಿಚ್ಚಿನೊಳಗೆ 2.6, ಮುಂದಿನ ವೈರಿನಲ್ಲಿ 0.1. ಎಂಜಿನ್ನಿನ ಮೈಯಿಂದ ಬ್ಯಾಟರಿ ನೆಗೆಟಿವ್‌ಗೆ ನೋಡಿದರೆ ಅಲ್ಲಿಯೂ 0.5 ವೋಲ್ಟ್ ಇತ್ತು. ಅರ್ತ್ ಪಟ್ಟಿಯ ಬೋಲ್ಟಿನ ಕೆಳಗೆ ತುಕ್ಕು ಹಿಡಿದಿರಬೇಕೆಂದು ಬರೆದುಕೊಂಡೆ.

ಈ ಅಂಕಿಗಳ ಪರಿಣಾಮ ಎಷ್ಟು ದೊಡ್ಡದು ಎಂಬುದನ್ನು ಒಂದು ಸಣ್ಣ ಲೆಕ್ಕ ತೋರಿಸುತ್ತದೆ. ಹೊಸದಾಗಿ ಹಾಕಿದ್ದ ಕಾಯಿಲು ಹೊರಗಿನ ರೆಸಿಸ್ಟರ್ ಬೇಡದ ಜಾತಿಯದು. ಅದರ ಪ್ರೈಮರಿ ಸುರುಳಿಯನ್ನು ಅಳೆದರೆ 3.1 ಓಮ್. 6.7ರಲ್ಲಿ ಅರ್ತಿನ ಕಡೆಯ 0.5 ಕಳೆದರೆ ಕಾಯಿಲಿಗೆ ನಿಜವಾಗಿ ಸಿಗುತ್ತಿದ್ದುದು 6.2 ವೋಲ್ಟ್, ಹರಿಯುತ್ತಿದ್ದುದು 2 ಆಂಪಿಯರ್. ದಾರಿ ಸರಿಯಿದ್ದರೆ 9.6 ವೋಲ್ಟ್‌ನಷ್ಟು ಸಿಕ್ಕಿ 3.1 ಆಂಪಿಯರ್ ಹರಿಯಬೇಕಿತ್ತು. ಕಾಯಿಲಿನಲ್ಲಿ ಕೂಡುವ ಶಕ್ತಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಇರುತ್ತದೆ, ಆದ್ದರಿಂದ ಕರೆಂಟು ಮೂರನೆಯ ಎರಡು ಭಾಗಕ್ಕೆ ಇಳಿದರೆ ಕಿಡಿಯ ಶಕ್ತಿ ಅರ್ಧಕ್ಕಿಂತ ಕೆಳಗೆ, ಐದರಲ್ಲಿ ಎರಡು ಪಾಲಿಗೆ ಇಳಿಯುತ್ತದೆ. ಇಷ್ಟು ಬಡಕಲು ಕಿಡಿಯೂ ತೆರೆದ ಗಾಳಿಯಲ್ಲಿ ಪ್ಲಗ್ಗಿನ ಮುಕ್ಕಾಲು ಮಿಲಿಮೀಟರ್ ಅಂತರವನ್ನು ಹಾರುತ್ತದೆ. ಸಿಲಿಂಡರಿನೊಳಗೆ ಗಾಳಿ ಎಂಟೊಂಬತ್ತು ಪಟ್ಟು ಒತ್ತಿಕೊಂಡಿರುವಾಗ, ಚೋಕಿನಿಂದ ಪ್ಲಗ್ಗು ನೆನೆದಿರುವಾಗ, ಅದೇ ಅಂತರ ಹಾರಲು ಎಷ್ಟೋ ಹೆಚ್ಚು ವೋಲ್ಟೇಜು ಬೇಕು. ಬೆಳಿಗ್ಗೆ ನಾನು ನೋಡಿದ ತೆಳ್ಳಗಿನ ಕೇಸರಿ ಕಿಡಿ ಸಿಲಿಂಡರಿನೊಳಗೆ ಹುಟ್ಟುತ್ತಲೇ ಇರಲಿಲ್ಲ. ಸುಳ್ಳು ಹೇಳಿದ ಪರೀಕ್ಷೆ ಅದು. ಪ್ಲಗ್ಗಿನ ಬದಲು ಐದಾರು ಮಿಲಿಮೀಟರ್ ಅಂತರವಿಟ್ಟು ನೋಡಿದ್ದರೆ, ಅಥವಾ ಕಿಡಿಯ ಬಣ್ಣವನ್ನಾದರೂ ನಂಬಿದ್ದರೆ, ಎಂಟು ಲೀಟರ್ ಪೆಟ್ರೋಲು ಇಳಿಸುವ ಕೆಲಸ ಬರುತ್ತಿರಲಿಲ್ಲ.

ಮೂರು ತಿಂಗಳ ದುರಸ್ತಿಗಳ ಒಗಟೂ ಇಲ್ಲಿಯೇ ಬಿಡಿಸಿಕೊಂಡಿತು. ಹೊಸ ಪ್ಲಗ್ಗಿನ ಚೂಪಾದ ಅಂಚಿಗೆ ಕಡಿಮೆ ವೋಲ್ಟೇಜು ಸಾಕು. ಹೊಸ ಪಾಯಿಂಟಿನಲ್ಲಿ ನಷ್ಟ ಕಡಿಮೆ. ಹೊಸ ಬ್ಯಾಟರಿ ಸೆಲ್ಫ್ ಹೊಡೆಯುವಾಗ ಅರ್ಧ ವೋಲ್ಟ್ ಹೆಚ್ಚು ಹಿಡಿದುಕೊಳ್ಳುತ್ತದೆ. ಪ್ರತಿಯೊಂದೂ ಅಂಚಿನಲ್ಲಿ ನಿಂತಿದ್ದ ಕಿಡಿಯನ್ನು ಒಂದು ಕೂದಲಿನಷ್ಟು ಮೇಲೆತ್ತಿತು, ಎರಡು ದಿನ ಗಾಡಿ ಸ್ಟಾರ್ಟ್ ಆಯಿತು, ಸ್ವಿಚ್ಚು ಇನ್ನಷ್ಟು ಸುಟ್ಟು ಕಿಡಿ ಮತ್ತೆ ಅಂಚಿನಿಂದ ಕೆಳಗೆ ಬಿತ್ತು. ಜೊತೆಗೆ, ತಳ್ಳಿ ಸ್ಟಾರ್ಟ್ ಮಾಡಿ ಗ್ಯಾರೇಜಿಗೆ ಒಯ್ದ ಗಾಡಿಯ ಎಂಜಿನ್ನು ಅಲ್ಲಿ ಬಿಸಿಯಾಗಿಯೇ ಇರುತ್ತಿತ್ತು, ಬಿಸಿ ಎಂಜಿನ್ನಿನಲ್ಲಿ ಪೆಟ್ರೋಲು ಚೆನ್ನಾಗಿ ಆವಿಯಾಗಿ ಬಡ ಕಿಡಿಗೂ ಹತ್ತಿಕೊಳ್ಳುತ್ತದೆ. ಆ ಗ್ಯಾರೇಜಿನವರು ಗಾಡಿಯನ್ನು ಒಂದು ರಾತ್ರಿ ನಿಲ್ಲಿಸಿಕೊಂಡು ಬೆಳಿಗ್ಗೆ ತಣ್ಣಗಿರುವಾಗ ನೋಡಿದ್ದರೆ ಮೊದಲನೆಯ ಸಲವೇ ಅನುಮಾನ ಬರುತ್ತಿತ್ತು. ಅವರಲ್ಲಿ ಕೆಲಸದ ಶ್ರದ್ಧೆ ಇರಲಿಲ್ಲವೆಂದು ನಾನು ಹೇಳಲಾರೆ. ಹಾಕಿದ ಭಾಗಗಳೆಲ್ಲ ಒಳ್ಳೆಯವು, ಜೋಡಣೆಯೂ ಅಚ್ಚುಕಟ್ಟು. ದೋಷ ಕಾಣಿಸುವ ಸ್ಥಿತಿಯಲ್ಲಿ ಪರೀಕ್ಷಿಸಲಿಲ್ಲ ಎಂಬುದೊಂದೇ ಕೊರತೆ, ಅದೇ ಕೊರತೆ ಬೆಳಿಗ್ಗೆ ನನ್ನಲ್ಲೂ ಇತ್ತು.

ಸ್ವಿಚ್ಚು ತರಿಸುವ ಮೊದಲು ತೀರ್ಮಾನವನ್ನು ಇನ್ನೊಂದು ದಿಕ್ಕಿನಿಂದ ಖಚಿತಪಡಿಸಿಕೊಳ್ಳಬೇಕಿತ್ತು. ಪ್ಲಗ್ಗುಗಳನ್ನು ಒಣಗಿಸಿ ಹಾಕಿ, ಕಾಯಿಲಿನ ನೆಗೆಟಿವ್‌ಗೆ ಕಟ್ಟಿದ್ದ ತುಂಡು ವೈರು ತೆಗೆದು, ಫ್ಯೂಸು ಕೂರಿಸಿದ ಒಂದು ವೈರನ್ನು ಬ್ಯಾಟರಿಯ ಪಾಸಿಟಿವ್‌ನಿಂದ ನೇರ ಕಾಯಿಲಿನ ಪಾಸಿಟಿವ್‌ಗೆ ಕೊಟ್ಟೆ. ಮೇಷ್ಟ್ರು ಕೀಲಿ ತಿರುಗಿಸಿದರು. ಎಂಜಿನ್ ಒಂದು ಸುತ್ತೂ ಪೂರ್ತಿ ತಿರುಗದೆ ಸ್ಟಾರ್ಟ್ ಆಯಿತು. ವೈರು ತೆಗೆದು ಎಂಜಿನ್ ನಿಲ್ಲಿಸಿ, ಒಂದೂವರೆ ಗಂಟೆ ತಣಿಯಲು ಬಿಟ್ಟು, ವೈರಿಲ್ಲದೆ ಹೊಡೆದರೆ ಆಗಲಿಲ್ಲ. ವೈರು ಕೊಟ್ಟರೆ ಆಯಿತು. ಹೀಗೆ ಕೊಟ್ಟು, ತೆಗೆದು, ಮತ್ತೆ ಕೊಟ್ಟು ನೋಡಿದ ಮೇಲೆಯೇ ನನಗೆ ಧೈರ್ಯ ಬಂದದ್ದು. ಮೊದಲ ಸಲ ಸ್ಟಾರ್ಟ್ ಆದದ್ದು ಪ್ಲಗ್ಗು ಒಣಗಿಸಿದ್ದರಿಂದಲೂ ಇರಬಹುದಿತ್ತು. ಈ ಪರೀಕ್ಷೆ ಮಾಡುವವರು ಒಂದು ಎಚ್ಚರ ವಹಿಸಬೇಕು: ನೇರ ವೈರು ಇದ್ದಾಗ ಕೀಲಿ ತೆಗೆದರೂ ಎಂಜಿನ್ ನಿಲ್ಲುವುದಿಲ್ಲ, ವೈರನ್ನೇ ಕೀಳಬೇಕು. ಎಂಜಿನ್ ನಿಂತ ಮೇಲೆ ವೈರನ್ನು ಹಾಗೇ ಬಿಡಲೂಬಾರದು. ಇದೇ ವೈರನ್ನು ಕಾಯಂ ಮಾಡಿ ಒಂದು ಸ್ವಿಚ್ಚು ಇಟ್ಟುಕೊಡಿ ಎಂದು ಕೇಳುವವರಿದ್ದಾರೆ; ನಾನು ಅದನ್ನು ಮಾಡಿಕೊಡುವುದಿಲ್ಲ. ಕೀಲಿ ತೆಗೆದರೂ ನಿಲ್ಲದ ಗಾಡಿ ಅಪಾಯಕಾರಿ.

ಸ್ವಿಚ್ಚಿನ ಹಿಂಬದಿಯ ಕಾಂಟ್ಯಾಕ್ಟ್ ಭಾಗ ಮರುದಿನ ಶಿವಮೊಗ್ಗದಿಂದ ಬಂತು. ಹಳೆಯದನ್ನು ಮೇಷ್ಟ್ರ ಮುಂದೆಯೇ ಬಿಡಿಸಿದೆ. ಒಳಗಿನ ಗ್ರೀಸು ಒಣಗಿ ಕರಿ ಬೆಲ್ಲದ ಪಾಕದ ಹಾಗೆ ಗಟ್ಟಿಯಾಗಿತ್ತು. ಹಿತ್ತಾಳೆಯ ತಟ್ಟೆಯ ಮೇಲೆ ಆನ್ ಸ್ಥಾನದ ಗುರುತು ಬೆಳ್ಳಗೆ ಹೊಳೆಯುತ್ತಿತ್ತು. ಅದರ ಪಕ್ಕದಲ್ಲಿ, ಸ್ಟಾರ್ಟ್ ಸ್ಥಾನದಲ್ಲಿ, ಸಾಸಿವೆ ಕಾಳಿನಷ್ಟು ಅಗಲದ ಒಂದು ಕಪ್ಪು ಗುಳಿ, ಸುತ್ತಲೂ ಬೂದಿಯ ಬಣ್ಣ. ಪ್ಲಾಸ್ಟಿಕ್ಕು ಆ ಜಾಗದಲ್ಲಿ ಸ್ವಲ್ಪ ಕರಗಿ ತಟ್ಟೆಯನ್ನು ಮೇಲೇಳಲು ಬಿಟ್ಟಿತ್ತು. ಮೇಷ್ಟ್ರು ಅದನ್ನು ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು.

ಸೊಲೆನಾಯ್ಡಿನ ಕರೆಂಟು ಕಾಯಿಲಿನದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಮೂವತ್ತು ವರ್ಷ ಅದೇ ಸಣ್ಣ ತಟ್ಟೆಯ ಮೂಲಕ ಹಾದು ಅದು ಸುಟ್ಟದ್ದರಲ್ಲಿ ಆಶ್ಚರ್ಯವಿಲ್ಲ. ಆದ್ದರಿಂದ ಹೊಸ ಸ್ವಿಚ್ಚಿನ ಜೊತೆಗೆ ಸೊಲೆನಾಯ್ಡಿಗೆ ಒಂದು ರಿಲೇ ಕೂರಿಸಿದೆ. ಈಗ ಸ್ವಿಚ್ಚು ರಿಲೇಯನ್ನು ಎಬ್ಬಿಸುವಷ್ಟು ಕರೆಂಟನ್ನು ಮಾತ್ರ ಹೊರುತ್ತದೆ, ಸೊಲೆನಾಯ್ಡಿಗೆ ಬೇಕಾದದ್ದು ಬ್ಯಾಟರಿಯಿಂದ ಫ್ಯೂಸಿನ ಮೂಲಕ ನೇರ ಹೋಗುತ್ತದೆ. ಮುಖ್ಯ ಫ್ಯೂಸಿನ ಕನೆಕ್ಟರಿನಲ್ಲಿ ಹಸಿರು ಕಿಲುಬು ಇತ್ತು, ಕೆರೆದು ಬಿಗಿ ಮಾಡಿದೆ. ಅರ್ತ್ ಪಟ್ಟಿಯ ಎರಡೂ ತುದಿ ಬಿಚ್ಚಿ, ಲೋಹ ಕಾಣುವವರೆಗೆ ಉಜ್ಜಿ, ಮತ್ತೆ ಬಿಗಿದು ಮೇಲೆ ಗ್ರೀಸು ಸವರಿದೆ. ನಂತರದ ಅಳತೆ: ಸೆಲ್ಫ್ ಹೊಡೆಯುವಾಗ ಬ್ಯಾಟರಿಯಲ್ಲಿ 10.3, ಸ್ವಿಚ್ಚಿಗೆ ಒಳಬರುವಲ್ಲಿ 10.0, ಹೊರಡುವಲ್ಲಿ 9.9, ಕಾಯಿಲಿನಲ್ಲಿ 9.8, ಅರ್ತಿನ ಕಡೆ 0.15. ಕಿಡಿ ಈಗ ನೀಲಿ, ಚಟ್ ಚಟ್ ಎಂದು ಸದ್ದು ಕೇಳುವಂಥದ್ದು.

ಅಂದು ಸಂಜೆ ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್ ಆದರೂ ನಾನು ಹಣ ತೆಗೆದುಕೊಳ್ಳಲಿಲ್ಲ. ಗಾಡಿಯನ್ನು ಕೊಟ್ಟಿಗೆಯ ಮಗ್ಗುಲಲ್ಲೇ ಬಿಟ್ಟು ಹೋಗಿ, ಮರುದಿನ ಬೆಳಿಗ್ಗೆ ಆರೂವರೆಗೆ, ರಾತ್ರಿಯಿಡೀ ಮಳೆ ಸುರಿದು ಬಾನೆಟ್ಟಿನ ಮೇಲೆ ನೀರು ನಿಂತಿದ್ದಾಗ ಬಂದೆ. ಪೂರ್ತಿ ಚೋಕ್ ಎಳೆದು ಮೇಷ್ಟ್ರ ಮನೆಯವರೇ ಕೀಲಿ ತಿರುಗಿಸಿದರು. ಎರಡನೆಯ ಸುತ್ತಿಗೆ ಎಂಜಿನ್ ಹಿಡಿಯಿತು.

ಇದೇ ದೂರು ಪೆಟ್ರೋಲ್ ಇಂಜೆಕ್ಷನ್ನಿನ ಗಾಡಿಯಲ್ಲಿ ಬಂದಿದ್ದರೆ ಪರೀಕ್ಷೆಯ ಕ್ರಮ ಬೇರೆಯಾಗುತ್ತಿತ್ತು. ಕೀಲಿ ಆನ್ ಮಾಡಿದಾಗ ಟ್ಯಾಂಕಿನೊಳಗಿನ ಪಂಪು ಒಂದೆರಡು ಸೆಕೆಂಡು ಗುಂಯ್‌ಗುಟ್ಟುವುದನ್ನು ಮೊದಲು ಕೇಳಬೇಕು, ಎಂಜಿನ್ ತಿರುಗುವುದನ್ನು ಕಂಪ್ಯೂಟರಿಗೆ ತಿಳಿಸುವ ಸೆನ್ಸರನ್ನು ನೋಡಬೇಕು, ಕೀಲಿಯ ಗುರುತು ಹಿಡಿಯುವ ವ್ಯವಸ್ಥೆಯಿದ್ದರೆ ಅದರ ದೀಪವನ್ನು ಗಮನಿಸಬೇಕು. ಆದರೆ ಸೆಲ್ಫ್ ಹೊಡೆಯುವಾಗಿನ ವೋಲ್ಟೇಜನ್ನು ಅಲ್ಲಿಯೂ ಬಿಡುವಂತಿಲ್ಲ. ಕಂಪ್ಯೂಟರಿಗೆ ಸಾಕಷ್ಟು ವೋಲ್ಟೇಜು ಸಿಗದಿದ್ದರೆ ಅದು ಕಿ‌ಡಿಯನ್ನೂ ಕೊಡುವುದಿಲ್ಲ, ಪೆಟ್ರೋಲನ್ನೂ ಕೊಡುವುದಿಲ್ಲ.

ಈ ಗಾಡಿಯಲ್ಲಿ ಒಂದು ಕೆಲಸ ಬಾಕಿ ಉಳಿದಿತ್ತು. ಪಂಪನ್ನು ಪರೀಕ್ಷಿಸುವಾಗ ಅದರ ಕೆಳಗಿನ ಸಣ್ಣ ತೂತಿನ ಬಾಯಲ್ಲಿ ಪೆಟ್ರೋಲಿನ ಪಸೆ ಕಂಡಿತ್ತು, ಪಂಪಿನೊಳಗಿನ ಪೊರೆಯಾದ ಡಯಾಫ್ರಮ್ಮಿನ ರಬ್ಬರು ಗಡುಸಾಗಲು ಶುರುವಾಗಿದೆಯೆಂಬುದರ ಸೂಚನೆ ಅದು. ಎಥನಾಲ್ ಇಲ್ಲದ ಕಾಲದ ರಬ್ಬರಿಗೆ ಈಗಿನ ಪೆಟ್ರೋಲು ಒಗ್ಗುವುದು ಕಷ್ಟ. ಸೆಪ್ಟೆಂಬರಿನಲ್ಲಿ ಅದನ್ನೂ, ಅದರ ಜೊತೆಗೆ ರಬ್ಬರಿನ ಪೆಟ್ರೋಲ್ ಪೈಪುಗಳನ್ನೂ ಬದಲಾಯಿಸಿದೆ. ಅಂದೇ ಕಾಯಿಲಿನ ವೋಲ್ಟೇಜನ್ನು ಮತ್ತೊಮ್ಮೆ ಅಳೆದೆ: ಸೆಲ್ಫ್ ಹೊಡೆಯುವಾಗ 9.8. ಮೇಷ್ಟ್ರು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.